ತಿನ್ನದ ಉಪ್ಪಿನಕಾಯಿ

ಬಸುರಿನ ಹೊಟ್ಟೆ ಇನ್ನೂ ಸರಿಯಾಗಿ ಕಾಣಿಸಿಕೊಳ್ಳುವ ಮೊದಲೇ ನನಗೆ ಬಿ.ಪಿ. ಏರಿತ್ತು. ಹೊಸಪೇಟೆಯ ಡಾಕ್ಟರಮ್ಮ "ಉಪ್ಪು ಕಡಿಮಿ ಮಾಡ್ರಿ" ಎಂದದ್ದನ್ನು ಅತ್ತೆ ದೇವರ ಅಪ್ಪಣೆಯಂತೆ ತಲೆಯ ಮೇಲೆ ಹೊತ್ತು ಕಂಪ್ಲಿಯ ಮನೆಗೆ ತಂದರು. ಅಂದಿನಿಂದ ನನಗೆ ಬೇರೆ ಪಾತ್ರೆಯಲ್ಲಿ ಸಪ್ಪನೆಯ ಸಾರು, ಸಪ್ಪನೆಯ ಪಲ್ಯ. ಉಪ್ಪಿನಕಾಯಿ ಜಾಡಿ ಅಟ್ಟ ಏರಿತು. ಹತ್ತಿ ಇಳಿಸಿಕೊಳ್ಳೋಣವೆಂದರೂ ನನ್ನ ಕಾಲಲ್ಲಿ ಶಕ್ತಿ ಇರಲಿಲ್ಲ.

ಬಿ.ಪಿ. ಮಾತ್ರ ಇಳಿಯಲೊಲ್ಲದು. ಅದರ ಮೇಲೆ ಸುಡುಗಾಡು ಬಾಯಾರಿಕೆ. ತಂಬಿಗೆಗಟ್ಟಲೆ ನೀರು ಕುಡಿಯುವುದು, ಬಚ್ಚಲಿಗೆ ಓಡುವುದು. ಅತ್ತೆ ಬೈಯುವವರಲ್ಲ, ಚುಚ್ಚುವವರು. ನಾನು ತಂಬಿಗೆ ಎತ್ತಿದಾಗಲೆಲ್ಲ "ಉಪ್ಪು ತಿಂದಾಕಿ ನೀರು ಕುಡೀಲೇಬೇಕಲ್ಲವಾ" ಎಂದು ನಗುತ್ತಿದ್ದರು. ಆ ಗಾದೆಯನ್ನು ತಪ್ಪು ಮಾಡಿದವರಿಗೆ ಹೇಳುತ್ತಾರೆಂದು ಯಾರಿಗೆ ಗೊತ್ತಿಲ್ಲ? ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮುಂದಿನ ಸಲ ಹೋದಾಗ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಉಪ್ಪಿಂದು ಏನರ ತಿಂತೀರೇನ್ರಿ?"

"ಇಲ್ರಿ" ಎಂದೆ.

"ಖರೆ ಹೇಳವಾ," ಅತ್ತೆ ನನ್ನ ಭುಜ ಹಿಡಿದರು. "ಬಸುರಿ ಬಯಕಿ, ಯಾರೂ ಏನೂ ಅನ್ನಂಗಿಲ್ಲ. ಕೂಸಿನ ಸಲುವಾಗಿ ಹೇಳು."

ಮತ್ತೆ ಇಲ್ಲ ಎಂದೆ. ಜೊತೆಗೆ ಬಂದಿದ್ದ ಗಂಡ ನೆಲ ನೋಡುತ್ತಿದ್ದ. ಇವನೂ ನಂಬಿಲ್ಲ ಎಂದು ತಿಳಿದದ್ದೇ ತಡ, ನನ್ನ ಬಾಯಿ ಸೋತಿತು. "ಹೂಂನ್ರಿ, ಒಂದೀಟು ಮಾವಿನಕಾಯಿ ಉಪ್ಪಿನಕಾಯಿ ತಿಂದೆ" ಎಂದುಬಿಟ್ಟೆ. ಅಬ್ಬಾ, ಅತ್ತೆಯ ಮುಖದಲ್ಲಿ ಎಂಥ ನೆಮ್ಮದಿ! ಡಾಕ್ಟರಮ್ಮ ಚೆನ್ನಾಗಿ ಬೈದು, ಗುಳಿಗೆ ಹೆಚ್ಚಿಸಿ ಕಳಿಸಿದರು. ರೋಗಕ್ಕೆ ಕಾರಣ ಸಿಕ್ಕಿತ್ತಲ್ಲ, ಇನ್ನೇನು ಹುಡುಕುವುದು.

ಏಳನೇ ತಿಂಗಳಲ್ಲಿ ಕುಬಸ. ಸಂಡೂರಿನಿಂದ ತವರಿನವರು ಬಯಕೆ ಬುತ್ತಿ ಕಟ್ಟಿಕೊಂಡು ಬಂದರು. ಹಸಿರು ಸೀರೆ, ಕೈತುಂಬ ಬಳೆ ತೊಡಿಸಿ ಮಣೆಯ ಮೇಲೆ ಕೂರಿಸಿದರು. ಹಾಡು ಮುಗಿಯುವುದನ್ನೇ ಕಾದು ಬಚ್ಚಲಿಗೆ ಏಳಲು ಹೋದೆ, ಕಾಲು ಏಳಲಿಲ್ಲ. ಎರಡು ಕೈ ಊರಿದರೂ ಏಳಲಿಲ್ಲ. ಸೀರೆಯೆಲ್ಲ ಒದ್ದೆಯಾಗಿ ಮಣೆಯಿಂದ ಹರಿಯತೊಡಗಿತು.

"ಅಯ್ಯ ಶಿವನ, ನೀರು ಒಡೀತು! ಗಾಡಿ ತರ್ರಿ ಜಲ್ದಿ!" ಹೆಂಗಸರೆಲ್ಲ ಎದ್ದರು. ಗಂಡಸರೂ ಬಾಗಿಲಿಗೆ ಬಂದರು.

"ಅಲ್ರಿ," ಎಂದೆ. ಯಾರಿಗೂ ಕೇಳಿಸಲಿಲ್ಲ. ಗಟ್ಟಿಯಾಗಿಯೇ ಹೇಳಬೇಕಾಯಿತು: "ಅದಲ್ರಿ, ಉಚ್ಚಿ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕಾಲು ಏಳುತ್ತಿಲ್ಲವೆಂದು ಹೊಸಪೇಟೆಗೆ ಒಯ್ದರು. ಈ ಸಲ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಪೊಟ್ಯಾಸಿಯಂ ತಳ ಕಂಡಿತ್ತು. ಇನ್ನಷ್ಟು ಪರೀಕ್ಷೆ ಬಂದ ಮೇಲೆ ಹಾಸಿಗೆಯ ಬಳಿ ಬಂದು ಕೂತು ತಿಳಿಸಿ ಹೇಳಿದರು: "ಕಿಡ್ನಿ ಮ್ಯಾಲೆ ಸಣ್ಣದೊಂದು ಗ್ರಂಥಿ ಇರ್ತದ. ನಿಮ್ದು ಅಲ್ಡೋಸ್ಟಿರೋನ್ ಅನ್ನೋ ಹಾರ್ಮೋನನ್ನ ಭಾಳ ಸುರಿಸ್ತದ. ಅದು ಉಪ್ಪನ್ನ ಮೈಯಾಗ ಹಿಡಿದಿಡ್ತದ, ಪೊಟ್ಯಾಸಿಯಂ ಹೊರಗ ಹಾಕ್ತದ. ಅದಕ್ಕ ಬಿ.ಪಿ., ಅದಕ್ಕ ಬಾಯಾರಿಕಿ, ಅದಕ್ಕ ಕಾಲು ಸೋಲೋದು. ಒಂದು ಉಪ್ಪಿನಕಾಯಿಗೆ ಇಷ್ಟೆಲ್ಲ ಆಗಂಗಿಲ್ಲ."

"ನಾ ತಿಂದೇ ಇಲ್ರಿ," ಎಂದೆ.

ಅವರು ನನ್ನನ್ನೇ ನೋಡಿದರು. "ಅವತ್ತ ಇದೇ ಮಾತಿಗೆ ನಿಂತಿದ್ರ ಅವತ್ತೇ ರಕ್ತ ತೆಗಸ್ತಿದ್ನಲ್ರಿ. ಕೂಸು ಬೆಳೀಬೇಕಾದಷ್ಟು ಬೆಳದಿಲ್ಲ."

ಡಾಕ್ಟರಮ್ಮ ಹೋದ ಮೇಲೆ ಅತ್ತೆ ಕೇಳಿದರು. "ತಿನ್ನದಿದ್ರ ತಿಂದೆ ಅಂತ ಯಾಕಂದಿ?"

"ಇಲ್ಲ ಅಂದ್ರ ನೀವು ನಂಬಲಿಲ್ಲಲ್ರಿ ಅತ್ತಿ."

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ. ಅವರು ಸೊಸೆಯ ಮೇಲೆ ಸಂಶಯ ಪಟ್ಟರು, ಅಷ್ಟೇ. ನಾನು ಚುಚ್ಚುಮಾತು ಕೇಳುವುದು ತಪ್ಪಿದರೆ ಸಾಕೆಂದು ಹೊಟ್ಟೆಯೊಳಗಿನ ಕೂಸನ್ನೇ ಒತ್ತೆಯಿಟ್ಟಿದ್ದೆ.

ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ಗಾಜಿನ ಪೆಟ್ಟಿಗೆಯಿಂದ ತೆಗೆದು ಮೊದಲ ಸಲ ನನ್ನ ತೋಳಿಗೆ ಕೊಟ್ಟಾಗ ಕಣ್ಣು ಬಿಟ್ಟಳು. ಆ ಕಣ್ಣಿಗೆ ಮುಖ ಕೊಡಲಾರದೆ ನಾನು ಆಚೆ ತಿರುಗಿಬಿಟ್ಟೆ.