ಮಾಳಿಯನ್ನು ಕಾರ್ಡಿಗೇರಿಸಿದ ಯಾತ್ರೆ

ಎಪ್ಪತ್ತೈದರ ಮಾಘದ ಒಂದು ಮಂಗಳವಾರ ಬೆಳಗ್ಗೆ ಏಳಕ್ಕೆ ಚಿತ್ರದುರ್ಗದಿಂದ ನಮ್ಮ ದಂಡಯಾತ್ರೆ ಹೊರಟಿತು. ದಂಡೆಂದರೆ ನೂಲಿನ ಗಿರಣಿಯ ವಿಮೆ ಗುಮಾಸ್ತನಾದ ನಾನು, ಗಿರಣಿಯ ಆಳು ಬೀರಪ್ಪ, ಹೆಬ್ಬೆಟ್ಟು ಒತ್ತಿಸುವ ಒಂದು ಶಾಯಿ ಪ್ಯಾಡು. ಬೀರಪ್ಪನ ಮಗಳು ಮಾಳಿಗೆ ಮೊಣಕಾಲ ಮೂಳೆಯಲ್ಲಿ ಕೀವು ಕಟ್ಟಿತ್ತು. ಆಪರೇಷನ್ ಮಾಡುವ ಡಾಕ್ಟರು ಗುರುವಾರ ದುರ್ಗಕ್ಕೆ ಬರುವವರು. ಆ ದಿನ ತಪ್ಪಿದರೆ ಕಾಲು ಉಳಿಯುವುದು ಕಷ್ಟವೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಕಾರ್ಮಿಕರ ವಿಮೆಯಲ್ಲಿ ಎಲ್ಲವೂ ಪುಕ್ಕಟೆ. ಆದರೆ ಬೀರಪ್ಪನ ಕಾರ್ಡಿನಲ್ಲಿದ್ದ ಮಕ್ಕಳು ಮೂರೇ. ಮಾಳಿ ನಾಲ್ಕನೆಯವಳು. ಅವಳ ಹೆಸರು ಸೇರಿಸಲು ಊರಿನ ಜನನ ರಿಜಿಸ್ಟರಿನ ನಕಲು ಬೇಕಿತ್ತು. ಮಗು ಅಜ್ಜಿಯ, ಅಂದರೆ ಬೀರಪ್ಪನ ತಾಯಿಯ, ವಶದಲ್ಲಿತ್ತು. ಎರಡೂ ಇದ್ದದ್ದು ಮತ್ತೋಡಿನಲ್ಲಿ.

ಹೊಳಲ್ಕೆರೆಯವರೆಗಿನ ಇಪ್ಪತ್ತು ಮೈಲಿಯೂ ಬೀರಪ್ಪ ಕಿಟಕಿಯಾಚೆಯೇ ನೋಡಿದ. ಅಲ್ಲಿ ಬಸ್ಸು ಅಡಿಕೆ ಮೂಟೆ ಹೇರಿಕೊಳ್ಳುತ್ತಿದ್ದಾಗ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಗುಟ್ಟು ಬಿಟ್ಟುಕೊಟ್ಟ. ಅವರ ಮನೆಯಲ್ಲಿ ಹೊರಗಿನವರು ಕುರಿ ಎಷ್ಟೆಂದು ಕೇಳಿದರೆ, ದೃಷ್ಟಿಯಾಗದಿರಲೆಂದು ಒಂದು ಬಿಟ್ಟು ಹೇಳುವುದು ವಾಡಿಕೆಯಂತೆ. ಮಕ್ಕಳಿಗೂ ಅದೇ ಕಾನೂನು. “ಪೂರಾ ಲೆಕ್ಕ ಕೊಟ್ರೆ ನಮ್ಮವ್ವ ಮನೇಗೇ ಸೇರ್ಸಲ್ಲ ಸ್ವಾಮಿ” ಎಂದ. ಸರ್ಕಾರದ ಕಾನೂನಿನಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಹೊಸದುರ್ಗದಲ್ಲಿ ಬಸ್ಸು ಬದಲಾಯಿಸಿ ಮತ್ತೋಡು ಮುಟ್ಟುವಾಗ ಬಿಸಿಲು ನೆತ್ತಿಗೇರಿತ್ತು. ಗ್ರಾಮಲೆಕ್ಕಿಗರು ಹತ್ತೇ ನಿಮಿಷದಲ್ಲಿ ನಕಲು ಬರೆದುಕೊಟ್ಟರು. ಇದನ್ನು ಯಾರೂ ನಂಬುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಅಜ್ಜಿ ಕೆಂಚಮ್ಮ “ಬರ್ರಿ, ಕುಂತ್ಕಳ್ರಿ” ಎಂದು ಕಂಬಳಿ ಹಾಸಿ, ರಾಗಿ ಮುದ್ದೆ, ಹುರುಳಿ ಸಾರು ಬಡಿಸಿದಳು. ನಾನು ಫಾರಂ ಹೊರತೆಗೆದದ್ದೇ ಅವಳ ಮುಖ ಗಂಟಾಯಿತು. ಪಕ್ಕದಲ್ಲಿ ಕಾಲು ಚಾಚಿ ಮಲಗಿದ್ದ ಮಾಳಿ ಅಜ್ಜಿಯನ್ನೂ ನನ್ನನ್ನೂ ನೋಡುತ್ತಿದ್ದಳು.

“ನಾಕು ಅಂತ ಬರ್ದ್ಮೇಲೆ ಕೂಸು ಉಳೀತೈತೇನಪ್ಪ?”

“ಬರೀದಿದ್ರೆ ಕಾಲು ಉಳಿಯಲ್ಲ, ಅಜ್ಜಿ.”

ಅಜ್ಜಿ ಬಹಳ ಹೊತ್ತು ಮೊಮ್ಮಗಳ ಊದಿದ ಮೊಣಕಾಲು ಸವರಿದಳು. ಕೊನೆಗೆ, ಸಂಜೆ ಕುರಿಗಳನ್ನು ಎಣಿಸದೆ ಒಂದೊಂದನ್ನೂ ಹೆಸರು ಹಿಡಿದು ಕೂಗಿ ಹಟ್ಟಿಗೆ ಸೇರಿಸುವವಳು, ಹಾದಿ ಕಂಡುಕೊಂಡಳು. “ಹೆಸ್ರು ಹೇಳ್ತೀನಿ, ಬರ್ಕಳ್ರಿ. ಎಣಿಸೋದು ನಿಮ್ದು. ದೃಷ್ಟಿ ಆದ್ರೂ ನಿಮ್ಗೇ ಆಗ್ಲಿ.”

ಒಪ್ಪಿದೆ. ನಾಲ್ಕು ಹೆಸರು ಬಂದವು. ಅಂಕಿಯನ್ನು ನಾನೇ ಬರೆದೆ. ಬೀರಪ್ಪ ಹೆಬ್ಬೆಟ್ಟೊತ್ತಿದ. ಆಮೇಲೆ ಅಜ್ಜಿ ನನಗೆಷ್ಟು ಮಕ್ಕಳೆಂದು ಕೇಳಿದಳು. ನನಗೆ ಮೂವರು. ಬಾಯಿಂದ ಬಂದದ್ದು “ಎರಡು”. ಅಜ್ಜಿಗೆ ನನ್ನ ಮೇಲೆ ಗೌರವ ಹುಟ್ಟಿದ್ದು ಆಗಲೇ.

ಬುಧವಾರ ಮಾಳಿ ಅಪ್ಪನ ಹೆಗಲ ಮೇಲೆ ದುರ್ಗ ಪ್ರವೇಶಿಸಿದಳು. ವಿಮೆ ಕಚೇರಿಯ ಬಾಗಿಲು ಹಾಕುವ ಮೊದಲೇ ಕಾರ್ಡಿಗೆ ಮೊಹರು ಬಿತ್ತು; ಆ ಸದ್ದು ನನಗೆ ನಗಾರಿಯಂತೆ ಕೇಳಿಸಿತು. ಆಸ್ಪತ್ರೆಯ ನರ್ಸಮ್ಮ ಕಾರ್ಡು ನೋಡಿ, ನೇರವಾಗಿ ಮಂಚ ತೋರಿಸಿದರು.

ಗುರುವಾರ ಮಧ್ಯಾಹ್ನ ಡಾಕ್ಟರು ಹೊರಬಂದು, ಕಾಲಿಗೆ ಇನ್ನು ಭಯವಿಲ್ಲವೆಂದರು. ಗಿರಣಿಗೆ ಮರಳುವ ಮುನ್ನ ನಾನು ವಾರ್ಡಿನ ಬಾಗಿಲಲ್ಲಿ ಇಣುಕಿದೆ. ಮಾಳಿ ನಿದ್ದೆಯಲ್ಲಿದ್ದಳು. ಬಿಳಿ ಹೊದಿಕೆಯ ತುದಿಯಲ್ಲಿ ಎರಡು ಪುಟ್ಟ ಪಾದಗಳು ಅಕ್ಕಪಕ್ಕದಲ್ಲಿ ನೆಟ್ಟಗೆ ನಿಂತಿದ್ದವು.