ಲೆಕ್ಕಕ್ಕೆ ಬಾರದ ಮೊದಲ ಸೇರು

ಮಸ್ಕಿಯ ಅಯ್ಯಮ್ಮ ಮೊದಮೊದಲು ಎಲ್ಲರಂತೆಯೇ ‘ಲಾಭ, ಎರಡು, ಮೂರು’ ಎಂದು ಅಳೆಯುತ್ತಿದ್ದಳು. ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದು ಆ ಸೀಮೆಯ ರೂಢಿ. ಬಾಯಿಗೆ ಹಿತ್ತಾಳೆ ಪಟ್ಟಿ ಹೊಡೆದ ಅವಳ ಕಟ್ಟಿಗೆಯ ಅಳತೆ ಸೇರು ಅತ್ತೆಯಿಂದ ಬಂದದ್ದು. ತಕ್ಕಡಿ ಬೇಕಾದದ್ದು ಅಂಗಡಿಯವರಿಗೆ, ಅಡುಗೆಯವಳಿಗೆ ಸೇರು ಸಾಕು ಎಂಬುದು ಅವಳ ನಂಬಿಕೆಯಾಗಿತ್ತು.

ದೂರದ ಯುದ್ಧದ ವರ್ಷಗಳವು. ನಿಜಾಮರ ಸರ್ಕಾರದ ಕಡ್ಡಾಯ ಲೆವಿ ವಸೂಲಿಗೆ ಕಾಳು ಹೋಗಿ ಎಷ್ಟೋ ಮನೆಗಳ ಒಲೆ ಆರಿದಾಗ, ಊರಿನವರು ಗಂಜಿಮನೆ ತೆರೆದು ಅಯ್ಯಮ್ಮನನ್ನು ಅಡುಗೆಗೆ ಕರೆದರು. ಅರವತ್ತು ಜನಕ್ಕೆ ದಿನಕ್ಕೆ ಹನ್ನೆರಡು ಸೇರು ಜೋಳದ ನುಚ್ಚು. ಒಂದು ದಿನ ನುಚ್ಚಿನ ಬದಲು ಹಿಟ್ಟಿನ ಚೀಲಗಳು ಬಂದವು. ಅವಳು ಹಿಟ್ಟನ್ನೂ ಹನ್ನೆರಡೇ ಸೇರು ಹಾಕಿದಳು. ಹಿಟ್ಟು ಕುದಿದಂತೆ ಗಂಜಿ ಗಟ್ಟಿಯಾಗಿಯೇ ಕಾಣುತ್ತಿತ್ತು.

ಕಂಕುಳಲ್ಲಿ ಎಳೆಗೂಸನ್ನು ಎತ್ತಿಕೊಂಡು ಬರುತ್ತಿದ್ದ ಹಸೀನಾಬೀ ಒಬ್ಬಳೇ ಬಾಯಿಬಿಟ್ಟು ಹೇಳಿದಳು: “ಅಯ್ಯಮ್ಮಕ್ಕ, ಕುಡದು ಮನಿ ಮುಟ್ಟೂದ್ರಾಗ ಮತ್ತ ಹಸಿವು ಆಕೈತಿ. ಕೂಸಿಗೆ ಹಾಲ ಬರವಲ್ವು.”

“ನಿಂದು ಹೊಟ್ಟೀನೋ, ಜ್ವಾಳ ಸುರಿಯೋ ಹಗೇವೋ, ಬೇ?” ಎಂದಳು ಅಯ್ಯಮ್ಮ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಹಸೀನಾಬೀಯೂ ನಕ್ಕಳು.

ಹಿಟ್ಟು ಬಂದ ಹತ್ತನೆಯ ದಿನ, ಊರಿನ ಕಾಳು ತೂಗುವ ಜಿಲಾನಿಸಾಬ್ ಚೀಲ ನೋಡಲು ಬಂದ. ಮುಗಿಯಬೇಕಿದ್ದ ಹಿಟ್ಟು ಇನ್ನೂ ಉಳಿದಿತ್ತು. ಅವನು ಅವಳ ಸೇರನ್ನೇ ಇಸಕೊಂಡು ತಕ್ಕಡಿಗೆ ಕೂತ. ಒಂದು ತಟ್ಟೆಗೆ ಹಳೆಯ ನುಚ್ಚು ಎರಡು ಸೇರು, ಇನ್ನೊಂದಕ್ಕೆ ಹಿಟ್ಟು ಎರಡು ಸೇರು. ಹಿಟ್ಟಿನ ತಟ್ಟೆ ಮೇಲೆಯೇ ಉಳಿಯಿತು. ಮೂರನೆಯ ಸೇರು ಸುರಿದ ಮೇಲೆ ಮುಳ್ಳು ನಡುವೆ ನಿಂತಿತು.

“ನುಚ್ಚು ಹನ್ನೆರಡಾದ್ರ ಹಿಟ್ಟು ಹದಿನೆಂಟು ಬೇಕವ್ವ. ಹಿಟ್ಟಿನಾಗ ಗಾಳಿ ಇರ್ತೈತಿ. ಒಂಬತ್ತು ದಿನ ಮಂದಿಗೆ ಗಾಳಿ ಉಣಿಸೀದಿ, ನೋಡು.” ಅವನು ನಗೆಯಾಡಿಯೇ ಅಂದಿದ್ದ.

ಆಗ ಹಸೀನಾಬೀ ಬಂದಳು. ಕಂಕುಳು ಬರಿದಾಗಿತ್ತು. ಬಟ್ಟಲು ಮುಂದೆ ಹಿಡಿದಳು. ಸಾಯುವಾಗ ಕೂಸಿಗೆ ಜ್ವರವೂ ಇತ್ತೆಂದು ಆಮೇಲೆ ಯಾರೋ ಅಂದರು. ಇದ್ದರೂ ಇದ್ದೀತು. ಮರುದಿನದಿಂದ ಅವಳು ಬರಲಿಲ್ಲ.

ಮುಂದೆ ಅಯ್ಯಮ್ಮ ಜಿಲಾನಿಸಾಬನ ತಕ್ಕಡಿಯ ಮುಂದೆ ದಿನಗಟ್ಟಲೆ ಕೂತಳು. ಉಪ್ಪು, ಬೆಲ್ಲದ ಪುಡಿ, ತೊಗರಿಬೇಳೆ, ಜರಡಿ ಹಿಡಿದ ಹಿಟ್ಟು, ಕುಟ್ಟಿ ತುಂಬಿದ ಹಿಟ್ಟು, ಯಾವುದು ಎಷ್ಟು ಸೇರಿಗೆ ಎಷ್ಟು ತೂಗುತ್ತದೆಂಬುದು ಅವಳ ಅಂಗೈಗೆ ಬಂತು. ಸಿಂಧನೂರು, ಲಿಂಗಸುಗೂರಿನ ಮದುವೆಗಳಿಗೂ ಅವಳಿಗೇ ಕರೆ ಬಂತು. ಆದರೆ ಲಾಭ ಎನ್ನಲು ಮಾತ್ರ ಅವಳಿಗೆ ಬಾಯಿ ಬರಲಿಲ್ಲ. ಮೊದಲ ಸೇರನ್ನು ಸುಮ್ಮನೆ ಸುರಿದು, ಬಾಗಿಲ ಕಡೆ ನೋಡಿ, ಎರಡನೆಯದಕ್ಕೆ ‘ಒಂದು’ ಎನ್ನುತ್ತಿದ್ದಳು.

ಜವಳಗೇರಾದ ಮದುವೆಮನೆಯ ಯಜಮಾನ ಕರಿಬಸಪ್ಪ ಅದನ್ನು ಕಂಡು ರೇಗಿದ. “ಲಾಭ ಅನ್ನವಲ್ಲಿ, ಮ್ಯಾಲ ಒಂದು ಸೇರು ಹೆಚ್ಚಿಗಿ ಹಾಕೀದಿ. ಲೆಕ್ಕ ತಪ್ಪೈತಿ.”

“ತಪ್ಪಿಲ್ರೀ ಯಜಮಾನ್ರ. ಒಬ್ಬಾಕಿ ಬರೋದೈತಿ.”

ಮಧ್ಯಾಹ್ನ ಕೊನೆಯ ಪಂಕ್ತಿ ಎದ್ದ ಮೇಲೆ ಅವಳು ಒಂದು ಬಟ್ಟಲು ತುಂಬಿ ಹಿತ್ತಲ ಹೊಸ್ತಿಲಲ್ಲಿಟ್ಟು ಪಕ್ಕದಲ್ಲಿ ಕೂತಳು. ಬಿಸಿಲು ಸರಿದು ಬಟ್ಟಲಿನ ಮೇಲೆ ನೆರಳು ಬಿದ್ದಾಗ, ತಲೆ ಎತ್ತದೆ ತುಸು ಸರಿದು ಜಾಗ ಬಿಟ್ಟಳು.