ಕವೆಗೋಲಿನ ವರಸೆ

ಮೊನ್ನೆ ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವಾಗ, ನಮ್ಮ ಬಡಾವಣೆಯ ಪಾರ್ಕಿನ ಮಾಲಿ ಕಲ್ಲುಬೆಂಚಿನ ಮೇಲೆ ಕೂತು ಕುಡುಗೋಲಿನ ಹಿಡಿಗೆ ಹೊಂಗೆ ಎಣ್ಣೆ ಸವರುತ್ತಿದ್ದ. ಆ ವಾಸನೆ ಯಾರಿಗೂ ಹಿಡಿಸುವಂಥದ್ದಲ್ಲ. ಕಹಿ, ಮೇಲೊಂದಿಷ್ಟು ಕಮಟು... ನಾನು ಮಾತ್ರ ಹತ್ತಿರ ಹೋಗಿ ನಿಂತುಬಿಟ್ಟೆ. ಚನ್ನಪಟ್ಟಣಕ್ಕೆ ಬಂದು ನೆಲೆಸಿ ನಲವತ್ತು ವರ್ಷದ ಮೇಲಾಯಿತು. ನಮ್ಮ ಮನೆಯಲ್ಲಿ ಕುಡುಗೋಲಿಲ್ಲ, ತರಕಾರಿ ಹೆಚ್ಚುವುದಕ್ಕೂ ಈಗ ಮಿಷನ್ನು. ಆದರೂ ಆ ವಾಸನೆ ಮೂಗಿಗೆ ಬಿದ್ದ ಕೂಡಲೇ ನನಗೆ ಹನ್ನೆರಡು ವರ್ಷವಾಯಿತು. ಗುಡೇಮಾರನಹಳ್ಳಿಯ ನಮ್ಮ ಹಿತ್ತಿಲು, ಎದೆಯೆತ್ತರದ ಮಣ್ಣುಗೋಡೆ, ಗೋಡೆಯಾಚೆ ಇದೇ ಎಣ್ಣೆ ಸವರುತ್ತ ಕೂತ ಪಕ್ಕದ ಮನೆ ಮಾವ.

ಮಾವ ಎಂದರೆ ರಕ್ತಸಂಬಂಧವೇನಲ್ಲ. ಊರಲ್ಲಿ ಅಪ್ಪನ ವಯಸ್ಸಿನವರನ್ನೆಲ್ಲ ಹಾಗೆ ಕರೆಯುತ್ತಿದ್ದೆವು. ಒಂದಿಷ್ಟು ರಾಗಿ ಹೊಲ, ಒಂದು ಮಂದೆ ಕುರಿ, ಗಟ್ಟಿ ಬಾಯಿಯ ಹೆಂಡತಿ, ಇಷ್ಟು ಅವರ ಸಂಸಾರ. ನೋಡಲು ಕುಳ್ಳಗೆ, ಒಸಿ ಬಾಗಿದ ಬೆನ್ನು. ವಯಸ್ಸಿನಲ್ಲಿ ಊರ ಗರಡಿಯಲ್ಲಿ ಪಳಗಿದ ದೇಹ ಅದು ಎಂದರೆ ಯಾರೂ ನಂಬುತ್ತಿರಲಿಲ್ಲ. ಗರಡಿಮನೆಯ ಸೂರು ಕುಸಿದು, ಕತ್ತಿಗಳು ತುಕ್ಕು ಹಿಡಿದು ಹಾಳಾದ ಮೇಲೆ ಮಾವ ತಮ್ಮ ವರಸೆಗಳನ್ನೆಲ್ಲ ಹೊಲದ ಸಾಮಾನಿಗೆ ಇಳಿಸಿಕೊಂಡಿದ್ದರು. ಕತ್ತಿಯ ಬದಲು ಕುಡುಗೋಲು. ಭರ್ಜಿಯ ಬದಲು, ಆಡುಕುರಿಗೆ ಸೊಪ್ಪು ಇಳಿಸುವ ದೋಟಿ. ದೊಣ್ಣೆಯ ಬದಲು ಕವೆಗೋಲು. ಕಣದಲ್ಲಿ ಹುಲ್ಲು ತಿರುವಿ ಹಾಕುವುದಕ್ಕೆಂದು ತುದಿಯಲ್ಲಿ ಎರಡು ಕವಲು ಬಿಟ್ಟು ಕಡಿದ ಉದ್ದನೆಯ ಕೋಲು.

ಬೆಳಗಿನ ಹೊತ್ತು ಹಿತ್ತಿಲಿನಲ್ಲಿ ಒಬ್ಬರೇ ಆಡುತ್ತಿದ್ದರು. ಸದ್ದೇ ಇರುತ್ತಿರಲಿಲ್ಲ, ಗಾಳಿ ಸೀಳುವ ಸುಯ್ ಎಂಬ ಶಬ್ದ ಬಿಟ್ಟರೆ. ಅವರದೊಂದು ಕಟ್ಟುನಿಟ್ಟು ಇತ್ತು. ವರಸೆ ಆಡಿದ ಮೇಲೆ ಅದೇ ಕುಡುಗೋಲಿನಿಂದ ಒಂದು ಹಿಡಿಯಾದರೂ ಹುಲ್ಲು ಕೊಯ್ಯದೆ ಅದನ್ನು ಸೂರಿಗೆ ಸಿಕ್ಕಿಸುತ್ತಿರಲಿಲ್ಲ.

“ಬರೀ ಆಡಿ ಮಡಗಿದ್ರೆ ಅದ್ಕೆ ಕೆಟ್ಟ ಬುದ್ಧಿ ಬತ್ತದೆ ಕಣವ್ವ,” ಎನ್ನುತ್ತಿದ್ದರು.

ನಾನಾಗ ಬೆಂಗಳೂರಿನ ಕಾನ್ವೆಂಟಿನಲ್ಲಿ ಬೋರ್ಡಿಂಗ್ ಹುಡುಗಿ. ಅಪ್ಪ ಮಾಗಡಿಯಲ್ಲಿ ಸರ್ಕಾರಿ ಕೆಲಸದಲ್ಲಿದ್ದರು, ಮಗಳು ಇಂಗ್ಲಿಷ್ ಕಲಿಯಬೇಕು ಎಂಬ ಹಟ. ದಸರಾ ರಜೆಗೆ ಊರಿಗೆ ಬಂದಾಗ ಗೋಡೆ ಹತ್ತಿ ಕೂತು ಮಾವನನ್ನು ನೋಡುತ್ತಿದ್ದೆ. ಆ ಸಲ ಅವರೇ ಕರೆದರು. “ಬಾ ಕಾನ್ಮೆಂಟವ್ವ, ಸುಮ್ಕೆ ಯಾಕ್ ಕುಂತಿದ್ದೀಯೆ?” ಹುಣಸೆ ಬರಲಿನ ಕೋಲೊಂದನ್ನು ಕೊಟ್ಟು ಕಾಲು ಇಡುವುದು ಹೇಳಿಕೊಟ್ಟರು. ರಜೆ ಮುಗಿಯುವ ಹೊತ್ತಿಗೆ ಮೊಂಡು ಕುಡುಗೋಲೊಂದನ್ನು ನನ್ನ ಕೈಗೆ ಕೊಟ್ಟು ಒಂದು ಪಟ್ಟು ತೋರಿಸಿದರು. ಬಲಗೈಯ ಕುಡುಗೋಲು ಬೆನ್ನ ಹಿಂದೆ ಎಡಗೈಗೆ ದಾಟಿ, ಎದುರಿನವನು ಬಲಗೈಯನ್ನೇ ನೋಡುತ್ತಿರುವಾಗ ಅವನ ಮಂಡಿಯ ಹತ್ತಿರ ಬಂದು ನಿಲ್ಲಬೇಕು. ಹೊಡೆಯಬಾರದು, ನಿಲ್ಲಬೇಕು. ಅದಕ್ಕೆ ಹಿಂಗೈ ಎಂದು ಹೆಸರಿಟ್ಟಿದ್ದರು.

“ಇದು ಗರಡೀಲಿ ಕಲ್ತದ್ದಲ್ಲ. ನಾನೇ ಕಟ್ಟಿದ್ದು. ಯಾರ್ಗೂ ತೋರ್ಸಿಲ್ಲ, ನಿನ್ಗೊಬ್ಳಿಗೇಯ.”

ನಾನು ಅದನ್ನು ಏನು ಮಾಡಿದೆ ಅಂದರೆ... ಕಾಂಪೋಸಿಷನ್ ಬರೆದೆ.

ಕ್ಲಾಸಿನ ಹುಡುಗಿಯರ ಅಪ್ಪಂದಿರು ಎಸ್ಟೇಟು, ಬಂಗಲೆ, ಕಾರುಗಳವರು. ನನ್ನ ಊರಿನಲ್ಲಿ ಹೇಳಿಕೊಳ್ಳುವುದಕ್ಕೆ ಏನಿತ್ತು? ಸಿಸ್ಟರ್ “ನಾನು ಕಂಡ ಧೀರ” ಎಂಬ ಅರ್ಥದ ಟಾಪಿಕ್ ಕೊಟ್ಟಾಗ ಮಾವನನ್ನು ಆರಡಿ ಎತ್ತರ ಮಾಡಿದೆ. ಅವರ ಮನೆಯ ಸೂರಿನ ತುಂಬ ಭಯಂಕರ ಆಯುಧಗಳನ್ನು ನೇತುಹಾಕಿದೆ. ಹಿಂಗೈ ಪಟ್ಟನ್ನು ಒಂದು ಪ್ಯಾರಾಗ್ರಾಫ್ ವರ್ಣಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕೊನೆಯಲ್ಲಿ, ಅವರು ಒಬ್ಬರೇ ಹತ್ತು ಜನರನ್ನು ಹೊಡೆದುರುಳಿಸಿದ್ದಾರೆಂದೂ, ಊರಿನ ಯುವಕರನ್ನೆಲ್ಲ ತಯಾರು ಮಾಡುತ್ತಿದ್ದಾರೆಂದೂ ಬರೆದುಬಿಟ್ಟೆ. ಶುದ್ಧ ಸುಳ್ಳು. ಸಿಸ್ಟರ್ ಕೆಂಪು ಇಂಕಿನಲ್ಲಿ “ವೆರಿ ಗುಡ್” ಎಂದು ಬರೆದು ನೋಟೀಸ್ ಬೋರ್ಡಿಗೆ ಹಾಕಿದರು.

ಸ್ಪೋರ್ಟ್ಸ್ ಡೇಗೆ ಚೀಫ್ ಗೆಸ್ಟಾಗಿ ಬಂದವರು ಒಬ್ಬ ದೊಡ್ಡ ಪೊಲೀಸ್ ಅಧಿಕಾರಿ. ಬೋರ್ಡಿನ ಮುಂದೆ ನಿಂತು ಪೂರ್ತಿ ಓದಿದರು. ಯಾವ ಊರು ಎಂದು ಕೇಳಿದರು. ನಾನು ಎದೆ ಸೆಟೆಸಿ ತಾಲ್ಲೂಕಿನ ಸಮೇತ ಹೇಳಿದೆ. ಸಿಸ್ಟರನ್ನು ಕೇಳಿ ಅವರು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ನನಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಆ ತಿಂಗಳು ನಮ್ಮ ಕಡೆಯ ಎರಡು ಹಳ್ಳಿಯವರು ಕೆರೆ ನೀರಿಗಾಗಿ ಕುಡುಗೋಲು ಹಿಡಿದು ಬಡಿದಾಡಿದ್ದರು. ಅವರಿಗೆ ಕಲಿಸಿದವನು ಯಾರು ಎಂದು ಪೊಲೀಸರು ಹುಡುಕುತ್ತಿದ್ದರು.

ಕ್ರಿಸ್‌ಮಸ್ ರಜೆಗೆ ಊರಿಗೆ ಬಂದೆ. ರಾಗಿ ಒಕ್ಕಣೆಯ ಕಾಲ. ಮಾವನ ಕಣದಲ್ಲಿ ರಾಗಿ ಹರಡಿತ್ತು, ಎತ್ತುಗಳು ಕಲ್ಲುಗುಂಡು ಎಳೆಯುತ್ತಿದ್ದವು. ಪಕ್ಕದಲ್ಲಿ ಇನ್ನೂ ಬಿಚ್ಚದ ಸಿವುಡುಗಳು, ಅಂದರೆ ರಾಗಿಯ ಕಟ್ಟುಗಳು, ಆಳೆತ್ತರ ಒಟ್ಟಿದ್ದವು. ಆ ದಿನ ಅಕಾಲದಲ್ಲಿ ಮೋಡ ಕವಿದಿತ್ತು. ಎಲ್ಲರಿಗೂ ಅವಸರ. ಅಂಥ ಹೊತ್ತಿನಲ್ಲಿ ಜೀಪು ಬಂದು ನಿಂತಿತು. ಸಬ್ ಇನ್ಸ್‌ಪೆಕ್ಟರು, ಜೊತೆಗೊಬ್ಬ ಪೇದೆ.

ಇನ್ಸ್‌ಪೆಕ್ಟರು ಬೂಟುಗಾಲಿನಲ್ಲಿ ಕಣಕ್ಕೆ ಕಾಲಿಡುವಷ್ಟರಲ್ಲಿ ಅತ್ತೆ, ಮಾವನ ಹೆಂಡತಿ, ಕೂಗಿಬಿಟ್ಟರು. “ಸ್ವಾಮೀ, ಮೆಟ್ಟು ಹಾಕ್ಕಂಡು ಕಣಕ್ಕೆ ಬರ್ಬ್ಯಾಡಿ! ನಮ್ ಅನ್ನ ಐತೆ ಅಲ್ಲಿ.”

ಆ ಮನುಷ್ಯನಿಗೆ ಸಿಟ್ಟು ಬಂತೋ ನಾಚಿಕೆಯಾಯಿತೋ, ಬೂಟು ಬಿಚ್ಚಿ, ಕಣದಂಚಿನ ರಾಗಿ ಕೂಳೆ ಕಾಲಿಗೆ ಚುಚ್ಚಿ ಕುಪ್ಪಳಿಸುತ್ತ ಒಳಗೆ ಬಂದು ಹುಲ್ಲಿನ ಮೇಲೆ ಕೂತರು. ಪೇದೆ ಸುತ್ತ ಇದ್ದ ಕುಡುಗೋಲುಗಳನ್ನು ಆರಿಸಿ ಹಗ್ಗದಲ್ಲಿ ಕಟ್ಟತೊಡಗಿದ. ಏಳು ಸಿಕ್ಕವು. ಇನ್ಸ್‌ಪೆಕ್ಟರು ಜೇಬಿನಿಂದ ಟೈಪು ಮಾಡಿದ ಕಾಗದ ತೆಗೆದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದರು. ಅದರಲ್ಲಿ ನನ್ನ ಹೆಸರಿರಲಿಲ್ಲ. ನನ್ನ ವಾಕ್ಯಗಳಿದ್ದವು.

“ಏನಯ್ಯ, ಹತ್ತು ಜನರನ್ನ ಹೊಡೆದು ಉರುಳಿಸಿದ್ದೀಯಂತೆ?”

ಮಾವ ಬಾಯಿ ತೆರೆಯುವ ಮೊದಲೇ ಅತ್ತೆ, “ಇವ್ರಾ ಸ್ವಾಮಿ? ಟಗರು ಗುದ್ದಿದ್ರೆ ಮೂರು ದಿನ ಮಲಗ್ತಾರೆ,” ಎಂದರು. ಕಣದಲ್ಲಿದ್ದವರೆಲ್ಲ ನಕ್ಕರು. ಇನ್ಸ್‌ಪೆಕ್ಟರು ನಗಲಿಲ್ಲ.

“ಕುಡುಗೋಲನ್ನ ಬೆನ್ನ ಹಿಂದೆ ಕೈ ಬದಲಾಯಿಸಿ ಮಂಡಿಗೆ ತರ್ತೀಯಂತೆ. ಊರ ಹುಡುಗರಿಗೂ ಕಲಿಸ್ತಿದ್ದೀಯಂತೆ. ಹೌದೋ ಅಲ್ಲವೋ?”

ಮಾವ ತಲೆ ಎತ್ತಿ ನನ್ನ ಕಡೆ ನೋಡಿದರು. ಒಂದು ಕ್ಷಣ, ಅಷ್ಟೇ. “ಸರ್, ಅದು ಸುಳ್ಳು, ಬರೆದವಳು ನಾನು” ಎಂದರೆ ಮುಗಿಯುತ್ತಿತ್ತು. ಮಾರಲ್ ಸೈನ್ಸಿನಲ್ಲಿ ಫಸ್ಟ್ ಬರುತ್ತಿದ್ದ ನಾನು ಸಿವುಡಿನ ಹಿಂದೆ ಸರಿದು ನಿಂತೆ.

“ವರಸೆ ಬತ್ತದೆ ಸ್ವಾಮಿ. ಸುಳ್ಯಾಕೆ ಯೋಳ್ಳಿ,” ಎಂದರು ಮಾವ. “ಹುಡುಗ್ರಿಗೆ ಕಲಿಸಿಲ್ಲ. ಒಬ್ರ ಮೈಮ್ಯಾಲೂ ಕೈ ಮಾಡಿಲ್ಲ.”

“ಹಾಗಾದರೆ ತೋರಿಸು. ನೋಡೋಣ. ಆಮೇಲೆ ಜೀಪು ಹತ್ತು.”

“ತೋರುಸ್ತೀನಿ. ಮಳೆ ಬರಂಗೈತೆ, ಹುಲ್ಲು ತಿರುವ್ತಾ ತೋರುಸ್ತೀನಿ. ಕುಂತಿರಿ.”

ಎತ್ತುಗಳನ್ನು ಪಕ್ಕಕ್ಕೆ ಕಳಿಸಿ ಕವೆಗೋಲು ತೆಗೆದುಕೊಂಡರು. ಕಣದ ಸುತ್ತ ಹೆಜ್ಜೆ ಹಾಕುತ್ತ ಹುಲ್ಲು ತಿರುವಿಹಾಕತೊಡಗಿದರು. ನಾನು ನೋಡುತ್ತ ನಿಂತೆ... ಮೊದಲು ನನಗೂ ಬರೀ ಹುಲ್ಲು ಕಂಡಿತು. ಆಮೇಲೆ ಅವರ ಕಾಲು ಕಂಡಿತು. ಹಿಮ್ಮಡಿ ಎತ್ತಿ, ಅರ್ಧ ಹೆಜ್ಜೆ ಒಳಗೆ, ಸೊಂಟ ತಿರುವಿ ಹೊರಗೆ. ಕವೆ ಹುಲ್ಲಿನಡಿ ಹೊಕ್ಕಿದ್ದು, ಎದುರಿನವನ ದೊಣ್ಣೆಯನ್ನು ಕೆಳಗಿನಿಂದ ಹಿಡಿಯುವ ಪಟ್ಟು. ಹುಲ್ಲು ತಲೆಯ ಮೇಲೆ ಹಾರಿ ಮಗುಚಿ ಬಿದ್ದದ್ದು, ದೊಣ್ಣೆ ಕಿತ್ತು ಎಸೆಯುವ ಪಟ್ಟು. ಹಿತ್ತಿಲಿನಲ್ಲಿ ನಾನು ನೋಡಿದ್ದ ಅಷ್ಟೂ ವರಸೆ ಒಂದೂ ಬಿಡದೆ, ಅದೇ ಕ್ರಮದಲ್ಲಿ, ಪೊಲೀಸರ ಕಣ್ಣೆದುರಿಗೇ ನಡೆಯುತ್ತಿತ್ತು. ಹುಲ್ಲು ಹದವಾಗಿ ತಿರುವಿ ಬೀಳುತ್ತಿತ್ತು, ಕಾಳು ಕೆಳಗೆ ಉದುರುತ್ತಿತ್ತು.

ಅರ್ಧ ಗಂಟೆಯಾಗಿರಬೇಕು. ಇನ್ಸ್‌ಪೆಕ್ಟರು ಆಕಳಿಸಿ, “ಯಾವಾಗ ಶುರು ಮಾಡ್ತೀಯಯ್ಯ?” ಎಂದರು.

“ಮುಗೀತಾ ಬಂತು ಸ್ವಾಮಿ,” ಎಂದರು ಮಾವ.

ಆಮೇಲೆ ಪೇದೆಯ ಕಟ್ಟಿನಿಂದ ಒಂದು ಕುಡುಗೋಲು ಕೇಳಿ ತೆಗೆದುಕೊಂಡರು. ಒಟ್ಟಿದ್ದ ಸಿವುಡುಗಳನ್ನು ಒಂದೊಂದಾಗಿ ಎಡಗೈಯಲ್ಲಿ ಎಳೆದು ಮುಂದೆ ನಿಲ್ಲಿಸಿಕೊಂಡ ಕೂಡಲೇ ಬಲಗೈಯ ಕುಡುಗೋಲು ಬೆನ್ನ ಹಿಂದೆ ಎಡಗೈಗೆ ದಾಟುತ್ತಿತ್ತು, ಮಂಡಿಯೆತ್ತರದಲ್ಲಿ ಬಂದು ಸಿವುಡಿನ ಕಟ್ಟನ್ನು ಮುಟ್ಟುತ್ತಿತ್ತು. ಕಟ್ಟು ಬಿಚ್ಚಿಕೊಳ್ಳುತ್ತಿತ್ತು, ಒಂದು ತೆನೆಯೂ ತುಂಡಾಗುತ್ತಿರಲಿಲ್ಲ. ಒಂದು, ಎರಡು, ಹತ್ತು ಸಿವುಡು. ಹತ್ತಕ್ಕೆ ನಿಲ್ಲಿಸಿದರು.

ಇನ್ಸ್‌ಪೆಕ್ಟರು ಆ ಹತ್ತು ಸಿವುಡುಗಳನ್ನು ಬಹಳ ಹೊತ್ತು ನೋಡಿದರು. ಅವರಿಗೆ ಅರ್ಥವಾಯಿತೆಂದು ನನಗೆ ಈಗಲೂ ಅನ್ನಿಸುತ್ತದೆ. ಎದ್ದು, ಪ್ಯಾಂಟಿಗೆ ಅಂಟಿದ್ದ ಹುಲ್ಲು ಕೊಡವಿಕೊಂಡು ಪೇದೆಗೆ ಹೇಳಿದರು: “ಬಿಚ್ಚೋ ಕಟ್ಟು. ಬರ್ಕೋ, ಬೇಸಾಯದ ಸಾಮಾನು ಅಂತ.” ಮಾವನ ಕಡೆ ತಿರುಗಿ, “ಈ ಊರಲ್ಲಿ ಗಲಾಟೆ ಆದರೆ ಮೊದಲು ನಿನ್ನ ಹತ್ರಾನೇ ಬರೋದು,” ಎಂದರು. ಮತ್ತೆ ಕುಪ್ಪಳಿಸುತ್ತ ಹೋಗಿ ಬೂಟು ಹಾಕಿಕೊಂಡರು.

ಜೀಪು ಮರೆಯಾದ ಮೇಲೆ ಅತ್ತೆ ಕಣದ ಅಂಚಿನಲ್ಲಿ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಲ್ಲಿಯವರೆಗೂ ಅವರು ಎಷ್ಟು ಹೆದರಿದ್ದರೆಂಬುದು ನನಗೆ ಕಂಡಿರಲೇ ಇಲ್ಲ. ಊರಿಗೆ ಊರೇ ಬಂದು ರಾಗಿ ಬಾಚಿ ಹುಲ್ಲು ಹೊದಿಸಿತು. ಆಮೇಲೆ ಮಳೆ ಬಂತು. ನಾನು ಮನೆಗೆ ಓಡಿ, ಅಮ್ಮನ ಮಡಿಲಲ್ಲಿ ತಲೆಯಿಟ್ಟು, ಕಾರಣ ಹೇಳದೆ ಅತ್ತುಬಿಟ್ಟೆ. ಅಂಥ ರಿಲೀಫ್ ಆಮೇಲೆ ನನ್ನ ಹೆರಿಗೆಯಲ್ಲೂ ಕಂಡಿಲ್ಲ.

ಆದರೆ ಗಿಲ್ಟ್ ಉಳಿಯಿತು. ಮುಂದಿನ ರಜೆಗಳಲ್ಲಿ ಆ ಗೋಡೆ ಹತ್ತಲಿಲ್ಲ. ಓದು, ಕೆಲಸ, ಮದುವೆ. ಹದಿನೈದು ವರ್ಷವಾದ ಮೇಲೆ, ಕಂಕುಳಲ್ಲಿ ಮಗಳನ್ನು ಎತ್ತಿಕೊಂಡು ಅವರ ಜಗಲಿಯಲ್ಲಿ ಕೂತು ಒಂದೇ ಉಸಿರಿಗೆ ಹೇಳಿದೆ. “ಮಾವ, ಅವತ್ತು ಆ ಕಾಗದ ಬರೆದದ್ದು ನಾನು.”

ಮಾವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. “ಗೊತ್ತು ಕಣವ್ವ. ಹಿಂಗೈ ನಿನ್ಗಲ್ದೆ ಯಾರ್ಗ್ ತೋರ್ಸಿದ್ದೆ?”

“ಮತ್ತೆ ಯಾಕೆ ಹೇಳಲಿಲ್ಲ?”

“ಯೋಳಿದ್ರೆ ನಿಮ್ಮಪ್ಪ ಇಸ್ಕೂಲು ಬಿಡಿಸ್ಬುಡೋರು. ಇನ್ನೇನ್ ಆಗೋದು?” ಎಲೆ ಬಾಯಿಗೆ ಹಾಕಿಕೊಂಡು, ನಾಚಿಕೆಯಿಂದಲೇ ಕೇಳಿದರು: “ಅದ್ರಾಗೆ ನನ್ ಬಗ್ಗೆ ಏನ್ ಬರ್ದಿದ್ದೆ, ಒಸಿ ಯೋಳು ಮತ್ತೆ.”

ಕಾಂಪೋಸಿಷನ್ ನನಗೆ ಬಾಯಿಪಾಠವಿತ್ತು. ಮರೆಯುವುದು ಸಾಧ್ಯವೇ? ಇಂಗ್ಲಿಷಿನಲ್ಲೇ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಒಂದು ಪದ ಅರ್ಥವಾಗದೆಯೂ ಮಾವ ಕಣ್ಣು ಮುಚ್ಚಿ ಕೇಳಿದರು. “ಚೆಂದಾಗೈತೆ. ಇಂಗ್ಲೀಷಲ್ಲಿ ನಾನು ಒಸಿ ಎತ್ತರ ಇದ್ದಂಗೈತೆ,” ಎಂದರು. ಒಳಗಿನಿಂದ ಅತ್ತೆ, “ಟಗರಿನ ಇಸ್ಯ ಸೇರ್ಸವ್ವ,” ಎಂದು ಕೂಗಿದರು. ನಾವು ಮೂವರೂ ನಕ್ಕೆವು. ಹದಿನೈದು ವರ್ಷ ಹೊತ್ತಿದ್ದ ಭಾರ ಆ ಜಗಲಿಯಲ್ಲಿ ಇಳಿಯಿತು.

ಮಾವ ಹೋದದ್ದು ನನಗೆ ತಿಥಿಯೆಲ್ಲ ಮುಗಿದ ಮೇಲೆ ಗೊತ್ತಾಯಿತು. ಕಾಗದ ತಡವಾಗಿ ಬಂತು. ಅತ್ತೆಯೂ ಹೋದರು. ಆ ಕಣದ ಜಾಗದಲ್ಲಿ ಈಗ ಯಾರದೋ ಮನೆ ಇದೆಯಂತೆ. ಕವೆಗೋಲಿಗೆ ಗೆದ್ದಲು ಹಿಡಿಯಿತೋ, ಒಲೆಗೆ ಹೋಯಿತೋ... ಕೇಳಲು ಯಾರೂ ಉಳಿದಿಲ್ಲ. ಹಿಂಗೈ ಬಲ್ಲವರೂ, ನನ್ನನ್ನು ಬಿಟ್ಟರೆ.

ಪಾರ್ಕಿನಲ್ಲಿ ಮಾಲಿಯ ಕೈಯಿಂದ ಕುಡುಗೋಲು ಕೇಳಿ ತೆಗೆದುಕೊಂಡೆ. ಆತ, “ಹುಷಾರಮ್ಮ, ಈಗ್ತಾನೆ ಮಸೆದಿವ್ನಿ,” ಎಂದ. ಭುಜ ನೋಯುತ್ತದೆ, ಮೊದಲಿನ ಹಾಗೆ ಕೈ ಹಿಂದಕ್ಕೆ ಹೋಗುವುದಿಲ್ಲ. ಆದರೂ ನಿಧಾನವಾಗಿ ಬೆನ್ನ ಹಿಂದೆ ದಾಟಿಸಿದೆ. ಎಡಗೈ ಅದನ್ನು ಹಿಡಿಯಿತು. ಮಂಡಿಯೆತ್ತರದಲ್ಲಿ ತಂದು ನಿಲ್ಲಿಸಿದೆ. ಮಾಲಿ ಕಣ್ಣು ಬಿಟ್ಟು ನೋಡುತ್ತಿದ್ದ. ಹಿಂತಿರುಗಿಸುವ ಮೊದಲು ಬೆಂಚು ಹಿಡಿದುಕೊಂಡು ಬಗ್ಗಿ, ಅದರ ಬುಡದಲ್ಲಿ ಬೆಳೆದಿದ್ದ ಗರಿಕೆಯನ್ನು ಒಂದು ಹಿಡಿ ಕೊಯ್ದೆ.